ತೋಟಕ್ಕೆ ಸಲ್ಲುವ ಕಸ, ಪಂಚಾಯತಿಗೆ ಸಲ್ಲುವ ಕಸ



ತಿಂಗಳಿಗೊಮ್ಮೆ ಹಸಿರು ಸಮವಸ್ತ್ರ ತೊಟ್ಟ ಇಬ್ಬರು ಹೆಂಗಸರು ಹೆಗಲಿಗೆ ಗೋಣಿ ಹಾಕಿಕೊಂಡು ನಮ್ಮ ಅಂಗಳಕ್ಕೆ ಬರುತ್ತಾರೆ. ಅವರು ಹರಿತ ಕರ್ಮಸೇನೆಯವರು. ಅವರನ್ನು ಕಂಡಾಗ ನಮ್ಮ ಧರ್ಮಕೇಂದ್ರದ ಎಷ್ಟೋ ರೈತ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ನಮಗೆ ತೋಟ ಉಂಟು, ಗೊಬ್ಬರದ ಗುಂಡಿ ಉಂಟು. ಪೇಟೆಯವರ ಹಾಗೆ ಕಸ ಬಿಸಾಡಲು ಜಾಗವಿಲ್ಲದವರು ನಾವಲ್ಲ. ಮತ್ತೆ ಈ ಐವತ್ತು ರೂಪಾಯಿ ಯಾಕೆ?"

ಈ ಪ್ರಶ್ನೆಯಲ್ಲಿ ಅರ್ಧ ನ್ಯಾಯವಿದೆ, ಅರ್ಧ ತಪ್ಪು ತಿಳುವಳಿಕೆಯಿದೆ. ಯಾವ ಅರ್ಧ ಸರಿ, ಯಾವ ಅರ್ಧ ಸರಿಯಲ್ಲ ಎಂಬುದನ್ನು ಈ ಸಲ ವಿಚಾರ ಮಾಡೋಣ.

ನಮ್ಮ ಹಿರಿಯರ ಕಾಲದಲ್ಲಿ ರೈತನ ಮನೆಯಲ್ಲಿ ಕಸವೆಂದರೆ ಗೊಬ್ಬರ ಎಂದೇ ಅರ್ಥ. ಬಾಳೆಎಲೆ, ತರಕಾರಿ ಸಿಪ್ಪೆ, ಒಲೆಯ ಬೂದಿ, ಹಟ್ಟಿಯ ಸೊಪ್ಪು ಎಲ್ಲವೂ ಒಂದೇ ಗುಂಡಿಗೆ ಹೋಗಿ, ಮುಂದಿನ ವರ್ಷ ತೋಟಕ್ಕೆ ಮರಳುತ್ತಿತ್ತು. ಈಗ ಅದೇ ಮನೆಗೆ ಹಾಲಿನ ತೊಟ್ಟೆ, ಎಣ್ಣೆಯ ಪ್ಯಾಕೆಟು, ಬಿಸ್ಕತ್ತಿನ ಹೊದಿಕೆ, ಮಾತ್ರೆಯ ಹಾಳೆ, ರಸಗೊಬ್ಬರದ ಚೀಲ, ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ, ಗಿಡದ ನರ್ಸರಿ ತೊಟ್ಟೆ, ಹನಿ ನೀರಾವರಿಯ ಹಳೆ ಪೈಪು ಎಲ್ಲ ಬರುತ್ತವೆ. ಇವು ಒಳಗೆ ಬರುವ ದಾರಿಯನ್ನು ನಾವೇ ಮಾಡಿದ್ದೇವೆ. ಹೊರಗೆ ಹೋಗುವ ದಾರಿಯನ್ನು ಮಾತ್ರ ಮಾಡಲಿಲ್ಲ. ಗುಂಡಿ ಅದೇ ಹಳೆಯದು; ಅದರೊಳಗೆ ಬೀಳುವ ವಸ್ತು ಹೊಸದು.

ಪೇಟೆಗಳು ಕಲಿತ ಪಾಠ

ಎಲ್ಲ ಕಸವನ್ನೂ ಒಟ್ಟಿಗೆ ತುಂಬಿಸಿ ದೂರದ ಒಂದು ಜಾಗಕ್ಕೆ ಸಾಗಿಸಿದರೆ ಕೆಲಸ ಮುಗಿಯಿತು ಎಂದು ನಮ್ಮ ರಾಜ್ಯದ ಪೇಟೆಗಳು ಬಹಳ ಕಾಲ ನಂಬಿದ್ದವು. ತಿರುವನಂತಪುರದ ಕಸ ವಿಳಪ್ಪಿಲ್‌ಶಾಲೆಗೆ ಹೋಗುತ್ತಿತ್ತು. ದುರ್ನಾತ ಮತ್ತು ಕೊಳಕು ನೀರಿನಿಂದ ಬೇಸತ್ತ ಅಲ್ಲಿನ ಜನ ಚಳವಳಿ ಹೂಡಿದರು. 2011ರ ಡಿಸೆಂಬರಿನಲ್ಲಿ ಅಲ್ಲಿನ ಪಂಚಾಯತು ಆ ಘಟಕಕ್ಕೆ ಬೀಗ ಹಾಕಿತು. ಕೊಚ್ಚಿಯ ಬ್ರಹ್ಮಪುರದಲ್ಲಿ ವರ್ಷಗಟ್ಟಲೆ ರಾಶಿ ಬಿದ್ದಿದ್ದ ಕಸಕ್ಕೆ 2023ರ ಮಾರ್ಚ್ 2ರಂದು ಬೆಂಕಿ ಹಿಡಿಯಿತು. ಹತ್ತು ದಿನಗಳಿಗೂ ಮಿಕ್ಕಿ ನಗರದ ಮೇಲೆ ಹೊಗೆ ಕವಿದಿತ್ತು, ಶಾಲೆಗಳಿಗೆ ರಜೆ ಕೊಡಬೇಕಾಯಿತು.

ಆಲಪ್ಪುಳದ ಕಥೆ ಬೇರೆ. ಆ ನಗರದ ಕಸವನ್ನು ಸುರಿಯುತ್ತಿದ್ದ ಸರ್ವೋದಯಪುರದ ಜನರೂ ಪ್ರತಿಭಟಿಸಿದರು, ಲಾರಿಗಳನ್ನು ತಡೆದರು. ಬೇರೆ ಜಾಗ ಹುಡುಕುವ ಬದಲು ನಗರಸಭೆ 2012ರಲ್ಲಿ ಯೋಜನೆಯನ್ನೇ ತಿರುಗಿಸಿ ಹಾಕಿತು. ಕೊಳೆಯುವ ಕಸವನ್ನು ಮನೆಯಲ್ಲೇ ಗೊಬ್ಬರ ಅಥವಾ ಗೋಬರ್ ಗ್ಯಾಸ್ ಮಾಡುವುದು, ಮನೆಯಲ್ಲಿ ಜಾಗವಿಲ್ಲದವರಿಗೆ ಹತ್ತಿರದಲ್ಲೇ ಸಾರ್ವಜನಿಕ ಗೊಬ್ಬರದ ತೊಟ್ಟಿ ಕಟ್ಟುವುದು, ಪ್ಲಾಸ್ಟಿಕನ್ನು ಮಾತ್ರ ಬೇರೆಯಾಗಿ ಸಂಗ್ರಹಿಸುವುದು ಎಂದು ನಿಶ್ಚಯಿಸಿತು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವು ಕಸವನ್ನು ಚೆನ್ನಾಗಿ ನಿಭಾಯಿಸಿದ ಐದು ನಗರಗಳ ಸಾಲಿನಲ್ಲಿ ಆಲಪ್ಪುಳವನ್ನೂ ಹೆಸರಿಸಿತು. ಅಲ್ಲಿ ದೊಡ್ಡ ಯಂತ್ರವೇನೂ ಬರಲಿಲ್ಲ. ಕಸ ಬೇರ್ಪಡುವ ಜಾಗ ಊರ ಹೊರಗಿನ ಬಯಲಿನಿಂದ ಅಡುಗೆಮನೆಗೆ ಬಂತು, ಅಷ್ಟೆ.

ಹಸಿ ಕಸ ಮನೆಯಲ್ಲೇ ಉಳಿಯಬೇಕು, ಒಣ ಕಸ ಪಂಚಾಯತಿಗೆ ಹೋಗಬೇಕು ಎಂಬ ಈಗಿನ ಕ್ರಮ ಇದೇ ದಾರಿಯಲ್ಲಿ ಬಂದದ್ದು. ಪೇಟೆಯವರಿಗೆ ಹಸಿ ಕಸವೇ ದೊಡ್ಡ ಕಷ್ಟ. ನಮಗೆ ಅದು ವರದಾನ. ಆದುದರಿಂದ ಈ ಯೋಜನೆ ಎಲ್ಲರಿಗಿಂತ ಸುಲಭವಾಗಬೇಕಾದುದು ರೈತರ ಮನೆಯಲ್ಲಿ.

ಸಂಗ್ರಹದ ಲೆಕ್ಕಾಚಾರ

ಕಸ ಸಂಗ್ರಹವನ್ನು ಯೋಜಿಸುವ ಪಂಚಾಯತು ಐದು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ. ಎಷ್ಟು ಮನೆಗಳಿವೆ? ಪ್ರತಿ ಮನೆಯಿಂದ ಯಾವ ವಸ್ತು ಎಷ್ಟು ಬರುತ್ತದೆ? ಯಾರು, ಯಾವ ದಾರಿಯಲ್ಲಿ ನಡೆದು ತರುತ್ತಾರೆ? ತಂದದ್ದನ್ನು ಮಳೆಯಲ್ಲಿ ನೆನೆಯದಂತೆ ಎಲ್ಲಿ ಇಡುವುದು? ಖರ್ಚು ಹೇಗೆ ಹುಟ್ಟುವುದು?

ಒಂದು ವಾರ್ಡಿನಲ್ಲಿ 400 ಮನೆಗಳಿವೆ ಎಂದು ಇಟ್ಟುಕೊಳ್ಳಿ. ಸೇನೆಯ ಇಬ್ಬರು ಸದಸ್ಯೆಯರು ಗುಡ್ಡೆ ಹತ್ತಿ, ತೋಡು ದಾಟಿ ದಿನಕ್ಕೆ 30 ಮನೆಗಳಿಗೆ ಹೋದರೂ ವಾರ್ಡು ಮುಗಿಯಲು 14 ದಿನ ಬೇಕು. ಪ್ರತಿ ಮನೆಯವರು 50 ರೂಪಾಯಿ ಕೊಟ್ಟರೆ ತಿಂಗಳಿಗೆ 20,000 ರೂಪಾಯಿ ಒಟ್ಟಾಗುತ್ತದೆ. ಗಾಡಿ ಬಾಡಿಗೆ, ಚೀಲ, ಕೈಚೀಲಗಳ ಖರ್ಚನ್ನು ಬಿಟ್ಟರೂ ಒಬ್ಬರಿಗೆ 10,000 ಮಾತ್ರ. 160 ಮನೆಯವರು "ನಮ್ಮಲ್ಲಿ ಕಸವಿಲ್ಲ" ಎಂದು ಬಾಗಿಲು ಹಾಕಿದರೆ ಉಳಿಯುವುದು 12,000, ಅಂದರೆ ಒಬ್ಬರಿಗೆ 6,000. ಆದರೆ ಅವರು ನಡೆಯಬೇಕಾದ ದಾರಿ ಒಂದು ಮಾರೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಪ್ಲಾಸ್ಟಿಕನ್ನು ಮಾರಿ ಹಣ ಮಾಡಬಾರದೇ ಎಂದು ಕೇಳುವವರಿದ್ದಾರೆ. ಗುಜರಿಯವರು ಆಸೆಯಿಂದ ಕೊಳ್ಳುವುದು ಕಬ್ಬಿಣ, ತಾಮ್ರ, ದಪ್ಪ ಪ್ಲಾಸ್ಟಿಕ್, ರಟ್ಟು ಮತ್ತು ಕಾಗದವನ್ನು. ಅವನ್ನು ನಾವೇ ಮೊದಲು ಮಾರಿಬಿಡುತ್ತೇವೆ. ಸೇನೆಯವರ ಗೋಣಿಗೆ ಉಳಿಯುವುದು ತೆಳ್ಳಗಿನ ತೊಟ್ಟೆ, ಬೆಳ್ಳಿ ಬಣ್ಣದ ಒಳಮೈಯ ಪ್ಯಾಕೆಟು, ಹರಿದ ಚಪ್ಪಲಿ. ಶುಚಿಯಾದ ತೊಟ್ಟೆಯನ್ನು ಪುಡಿಮಾಡಿ ರಸ್ತೆಯ ಡಾಮರಿಗೆ ಬೆರೆಸಲಾಗುತ್ತದೆ. ಪದರ ಪದರವಾಗಿ ಅಂಟಿಸಿದ ಪ್ಯಾಕೆಟುಗಳು ಸಿಮೆಂಟು ಕಾರ್ಖಾನೆಗೆ ಉರುವಲಾಗಿ ಹೋಗುತ್ತವೆ. ಸರಕಾರದ ಕ್ಲೀನ್ ಕೇರಳ ಕಂಪೆನಿ ಬೇರ್ಪಡಿಸಿದ ಒಳ್ಳೆಯ ಪ್ಲಾಸ್ಟಿಕಿಗೆ ಬೆಲೆ ಕೊಡುತ್ತದೆ. ಯಾವುದಕ್ಕೂ ಬಾರದ ಕಸವನ್ನು ಒಯ್ಯಬೇಕಾದರೆ ಪಂಚಾಯತೇ ಹಣ ತೆರಬೇಕು. ಮೀನಿನ ನೀರು, ಅನ್ನದ ಅಗುಳು ಅಂಟಿಕೊಂಡ ಒಂದು ತೊಟ್ಟೆ ಇಡೀ ಗೋಣಿಯನ್ನು ಈ ಎರಡನೆಯ ಸಾಲಿಗೆ ಸೇರಿಸಬಲ್ಲುದು. ನಾವು ಅರ್ಧ ನಿಮಿಷ ತೊಳೆಯಲು ಉದಾಸೀನ ಮಾಡಿದರೆ, ಆ ಖರ್ಚು ಪಂಚಾಯತಿನ ತಲೆಗೆ, ಅಂದರೆ ತಿರುಗಿ ನಮ್ಮದೇ ತಲೆಗೆ ಬರುತ್ತದೆ.

ಬಾಕಿಯಿಟ್ಟ ಶುಲ್ಕವನ್ನು ಮನೆ ತೆರಿಗೆಯ ಜೊತೆಗೆ ವಸೂಲು ಮಾಡಲು ಕೇರಳದ ಪಂಚಾಯತ್‌ರಾಜ್ ಕಾನೂನಿನ ತಿದ್ದುಪಡಿ ಅವಕಾಶ ಮಾಡಿಕೊಟ್ಟಿದೆ. ಆದರೆ ದಂಡದ ಭಯಕ್ಕಿಂತ ನೆರೆಮನೆಯ ಆ ಅಕ್ಕನ ದುಡಿಮೆಯ ನ್ಯಾಯ ನಮಗೆ ದೊಡ್ಡದಾಗಬೇಕು.

ತೋಟಕ್ಕೆ ಸಲ್ಲುವ ಪಾಲು

ಈಗ ನಮ್ಮ ಕೈಯಲ್ಲಿರುವ ಕೆಲಸಕ್ಕೆ ಬರೋಣ. ನಮ್ಮ ಭಾಗದ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳೆಯುವ ವಸ್ತುವೇ. ಅದನ್ನು ಹಾಗೇ ಗುಂಡಿಗೆ ಸುರಿದರೆ ನಾರುತ್ತದೆ, ಹುಳವಾಗುತ್ತದೆ, ನಾಯಿ ಮತ್ತು ಇಲಿಗಳನ್ನು ಕರೆಯುತ್ತದೆ. ಹಸಿ ಕಸದಲ್ಲಿ ನೀರು ಮತ್ತು ಸಾರಜನಕ ಹೆಚ್ಚು. ತರಗೆಲೆ, ಮರದ ಹುಡಿ, ಬೈಹುಲ್ಲಿನಲ್ಲಿ ಇಂಗಾಲ ಹೆಚ್ಚು. ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇದ್ದಾಗ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ಲೆಕ್ಕ ಕಷ್ಟವೆನಿಸಿದರೆ ಇಷ್ಟು ನೆನಪಿಡಿ: ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣ ತರಗೆಲೆ.

ದನ ಸಾಕುವವರಿಗೆ ತುಂಬೂರ್‌ಮುಳಿ ಪದ್ಧತಿ ಅನುಕೂಲ. ತ್ರಿಶೂರು ಜಿಲ್ಲೆಯ ತುಂಬೂರ್‌ಮುಳಿಯಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಕೇಂದ್ರದಲ್ಲಿ ರೂಪುಗೊಂಡದ್ದು ಇದು. ಗಾಳಿಯಾಡುವಂತೆ ಸಂದುಬಿಟ್ಟು ಕಟ್ಟಿದ, ನಾಲ್ಕು ಅಡಿ ಉದ್ದ, ಅಗಲ, ಎತ್ತರದ ತೊಟ್ಟಿ ಸಾಕು. ಅಡಿಯಲ್ಲಿ ಅರ್ಧ ಅಡಿ ಹಸಿ ಸೆಗಣಿ, ಅದರ ಮೇಲೆ ಅರ್ಧ ಅಡಿ ತರಗೆಲೆ, ಮೇಲೆ ಅರ್ಧ ಅಡಿ ಅಡುಗೆಮನೆಯ ಕಸ. ಮತ್ತೆ ಸೆಗಣಿ, ಹೀಗೆ ಮುಂದುವರಿಸುವುದು. ಮಗುಚುವ ಶ್ರಮವಿಲ್ಲ. ತೊಟ್ಟಿ ತುಂಬಿದ ಮೇಲೆ ಸುಮಾರು 90 ದಿನಗಳಲ್ಲಿ ಗೊಬ್ಬರ ಸಿದ್ಧ. ರಾಶಿಯ ಒಳಗೆ ಚೆನ್ನಾಗಿ ಬಿಸಿ ಹುಟ್ಟುವುದರಿಂದ ನೊಣದ ಹುಳಗಳು ಬದುಕುವುದಿಲ್ಲ. ಮೀನು, ಮಾಂಸದ ಉಳಿಕೆಯನ್ನು ರಾಶಿಯ ನಡುವೆ ಇಟ್ಟು ಸೆಗಣಿ ಮತ್ತು ತರಗೆಲೆಯಿಂದ ದಪ್ಪಗೆ ಮುಚ್ಚಿರಿ, ಆಗ ನಾಯಿ ಕೆದಕುವುದಿಲ್ಲ.

ನಮ್ಮ ಊರಿಗೆ ಸಲ್ಲುವ ನಾಲ್ಕು ಎಚ್ಚರಿಕೆಗಳು:

1. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಾಡು ನಮ್ಮದು. ಮುಚ್ಚಿಗೆಯಿಲ್ಲದ ಗುಂಡಿಯಿಂದ ಗೊಬ್ಬರದ ಸತ್ತ್ವವೆಲ್ಲ ಆಷಾಢದಲ್ಲೇ ತೋಡಿಗೆ ಹರಿಯುತ್ತದೆ. ಮಡಲಿನ ಮಾಡಾದರೂ ಇರಲಿ.

2. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುವುದು ಹಳೆಯ ಗೊಬ್ಬರದ ಗುಂಡಿ ಮತ್ತು ಕೊಳೆತ ತೆಂಗಿನ ಕಾಂಡದಲ್ಲಿ. ಗುಂಡಿಯನ್ನು ವರ್ಷಗಟ್ಟಲೆ ಹಾಗೇ ಬಿಡದೆ ಬಲಿತ ಗೊಬ್ಬರವನ್ನು ತೆಗೆದು ಬಳಸಿ. ತೆಗೆಯುವಾಗ ಕಾಣುವ ಬಿಳಿಯ ದಪ್ಪ ಹುಳಗಳನ್ನು ಆರಿಸಿ ಕೊಲ್ಲಿ.

3. ಸ್ಪ್ರೇ ಮಾಡಿ ಉಳಿದ ಬೋರ್ಡೋ ದ್ರಾವಣವನ್ನು ಗೊಬ್ಬರದ ಗುಂಡಿಗೆ ಹೊಯ್ಯಬೇಡಿ. ಮೈಲುತುತ್ತಿನ ತಾಮ್ರ ಎರೆಹುಳಕ್ಕೂ, ಕೊಳೆಸುವ ಶಿಲೀಂಧ್ರಕ್ಕೂ ವಿಷ.

4. ತೆಂಗಿನ ಮಡಲನ್ನು ಸುಡುವ ಬದಲು ಎರೆಗೊಬ್ಬರ ಮಾಡಿ. ನಮ್ಮ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾಲಯವು ತೆಂಗಿನ ಗರಿಯನ್ನೇ ತಿಂದು ಗೊಬ್ಬರ ಮಾಡುವ ಎರೆಹುಳವನ್ನು ಗುರುತಿಸಿ, ಅದರ ವಿಧಾನವನ್ನು ರೈತರಿಗೆ ಒದಗಿಸಿದೆ.

ಪಂಚಾಯತಿಗೆ ಸಲ್ಲುವ ಪಾಲು

ಅಡುಗೆಮನೆಯ ಹಿಂದೆ, ಮಳೆ ತಾಗದಲ್ಲಿ ಮೂರು ಚೀಲ ತೂಗುಹಾಕಿ. ಒಂದಕ್ಕೆ ತೊಟ್ಟೆ ಮತ್ತು ಪ್ಯಾಕೆಟುಗಳು. ಇನ್ನೊಂದಕ್ಕೆ ಬಾಟಲಿ, ಡಬ್ಬ, ಒಡೆದ ಬಕೆಟಿನಂಥ ಗಟ್ಟಿ ವಸ್ತುಗಳು. ಮೂರನೆಯದಕ್ಕೆ ಚಪ್ಪಲಿ, ಚೀಲ, ಹಳೆ ಬಟ್ಟೆ. ಹಾಲಿನ ತೊಟ್ಟೆಯನ್ನು ತುಂಡು ಮಾಡಿ ಬೇರೆ ಮಾಡದೆ ಒಂದು ಬದಿ ಮಾತ್ರ ಕತ್ತರಿಸಿ, ಪಾತ್ರೆ ತೊಳೆದ ನೀರಿನಲ್ಲೇ ಅದ್ದಿ ತೆಗೆದು, ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ. ಆ ಸಣ್ಣ ಮೂಲೆಯ ತುಂಡೇ ಮಣ್ಣಿಗೆ ಬಿದ್ದು ಕೈಗೆ ಸಿಗದೆ ಹೋಗುವುದು.

ಒಡೆದ ಗಾಜು, ಹಳೆ ಬಲ್ಬು, ಬ್ಯಾಟರಿ, ಕೆಟ್ಟುಹೋದ ವಿದ್ಯುತ್ ಸಾಮಾನು ಇವನ್ನು ಬೇರೆ ಬೇರೆ ಕಟ್ಟಿಡಬೇಕು. ಇವನ್ನು ವರ್ಷದ ನಿರ್ದಿಷ್ಟ ತಿಂಗಳುಗಳಲ್ಲಿ ಸಂಗ್ರಹಿಸುವುದು ವಾಡಿಕೆ. ನಿಮ್ಮ ವಾರ್ಡಿನ ಕ್ರಮವನ್ನು ಸೇನೆಯವರಲ್ಲಿ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಗಾಜನ್ನು ರಟ್ಟಿನಲ್ಲಿ ಸುತ್ತಿ, ಮೇಲೆ "ಗಾಜು" ಎಂದು ಬರೆಯಿರಿ. ಅದನ್ನು ಎತ್ತುವ ಕೈಯೂ ದುಡಿದು ತಿನ್ನುವ ಕೈಯೇ.

ಸಕ್ಕರೆ ಕಾಯಿಲೆಯವರು ಬಳಸಿದ ಇನ್ಸುಲಿನ್ ಸೂಜಿಯನ್ನು ಬಿಡಿಯಾಗಿ ಎಸೆಯಲೇಬಾರದು. ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಹಾಕಿ, ತುಂಬಿದಾಗ ಪ್ರಾಥಮಿಕ ಆರೋಗ್ಯ ಕೇಂದ್ರದವರಲ್ಲಿ ಕೇಳಿ ಒಪ್ಪಿಸಿ. ಮಕ್ಕಳ ಮತ್ತು ವೃದ್ಧರ ಡಯಾಪರನ್ನು, ಹೆಂಗಸರ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ಇಡಬೇಕು. ಇವು ಗೊಬ್ಬರವಾಗುವುದಿಲ್ಲ, ಶೌಚಗುಂಡಿಗೆ ಹಾಕಿದರೆ ಕೊಳವೆ ಕಟ್ಟುತ್ತದೆ. ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳಿಗೆ ಇದು ದಿನದಿನದ ಸಂಕಟ. ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ. ಪಂಚಾಯತಿನ ಯೋಜನೆಯಲ್ಲಿ ಇದಕ್ಕೇನು ವ್ಯವಸ್ಥೆ ಎಂದು ಗ್ರಾಮಸಭೆಯಲ್ಲಿ ಕೇಳಬೇಕಾದವರು ನಾವೇ.

ವಿಷದ ಬಾಟಲಿ

ಎಂಡೋಸಲ್ಫಾನ್ ಏನು ಮಾಡಿತು ಎಂಬುದನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಆದರೂ ಕಳೆನಾಶಕ, ಕೀಟನಾಶಕಗಳ ಖಾಲಿ ಬಾಟಲಿಗಳು ಇಂದಿಗೂ ಪಂಪ್‌ಶೆಡ್ಡಿನ ಮೂಲೆಯಲ್ಲಿ, ಕೆರೆಯ ದಂಡೆಯಲ್ಲಿ ಬಿದ್ದಿರುತ್ತವೆ. ಬಾಟಲಿ ಖಾಲಿಯಾದೊಡನೆ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸ್ಪ್ರೇಯರಿನ ಟ್ಯಾಂಕಿಗೇ ಹೊಯ್ಯಿರಿ. ಮತ್ತೆ ಯಾರೂ ಎಣ್ಣೆ, ಸೀಮೆಎಣ್ಣೆ ತುಂಬಿಸದಂತೆ ತೂತು ಮಾಡಿ. ಮಕ್ಕಳ ಕೈಗೆ ಸಿಗದಲ್ಲಿ ಬೀಗ ಹಾಕಿ ಇಡಿ. ಮನೆಯ ಪ್ಲಾಸ್ಟಿಕಿನೊಂದಿಗೆ ಬೆರೆಸಿ ಕೊಡಬೇಡಿ, ಏಕೆಂದರೆ ಅದನ್ನು ಬರಿಗೈಯಲ್ಲಿ ವಿಂಗಡಿಸುವವರಿದ್ದಾರೆ. ಕೃಷಿಭವನದವರೊಂದಿಗೆ ಸೇರಿ ವರ್ಷಕ್ಕೊಮ್ಮೆ ಪ್ರತ್ಯೇಕ ಸಂಗ್ರಹ ಏರ್ಪಡಿಸುವಂತೆ ಪಂಚಾಯತನ್ನು ಒತ್ತಾಯಿಸೋಣ.

ಸುಟ್ಟರೆ ಮುಗಿಯಿತೇ?

"ಬಚ್ಚಲ ಒಲೆಗೆ ಹಾಕಿದರೆ ನೀರೂ ಕಾಯುತ್ತದೆ, ಕಸವೂ ತೀರುತ್ತದೆ" ಎನ್ನುವವರು ಬಹಳ. ಕಸ ತೀರುವುದಿಲ್ಲ, ಹೊಗೆಯಾಗಿ ಶ್ವಾಸಕೋಶ ಸೇರುತ್ತದೆ. ಪಿವಿಸಿ ಪೈಪು, ರೆಕ್ಸಿನ್ ಮುಂತಾದ ಕ್ಲೋರಿನ್ ಇರುವ ಪ್ಲಾಸ್ಟಿಕನ್ನು ಕಡಿಮೆ ಉರಿಯಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲು ತಿಂದ ದನದ ಕೊಬ್ಬಿನಲ್ಲಿ ನಿಲ್ಲುತ್ತದೆ, ಹಾಲಿನಲ್ಲಿ ನಮ್ಮ ಮಕ್ಕಳಿಗೆ ಬರುತ್ತದೆ. ಇದು ಕ್ಯಾನ್ಸರ್ ತರಬಲ್ಲ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಒಲೆಯ ಮುಂದೆ ಕೂತು ಊದುವವರು ಹೆಚ್ಚಾಗಿ ಮನೆಯ ತಾಯಂದಿರು ಎಂಬುದನ್ನೂ ಮರೆಯಬಾರದು.

ಹೂತುಹಾಕಿದರೆ? ನಮ್ಮ ಮಣ್ಣು ಮುರಕಲ್ಲಿನದು, ತೂತು ತೂತಾದದ್ದು. ಆ ಗುಣದಿಂದಲೇ ಗುಡ್ಡೆಯ ಸುರಂಗಗಳಲ್ಲಿ ನೀರು ಜಿನುಗುತ್ತದೆ, ಬಾವಿ ತುಂಬುತ್ತದೆ. ಮೇಲಿನ ಗುಡ್ಡೆಯಲ್ಲಿ ಹೂತ ಬ್ಯಾಟರಿ, ಬಣ್ಣ, ವಿಷದ ಬಾಟಲಿಗಳ ರಸ ಕೆಳಗಿನ ಮನೆಯ ಬಾವಿಗೆ ಇಳಿಯಲು ಅದೇ ದಾರಿ.

ಎಸೆದರೆ? ತೊಟ್ಟೆ, ಗೆರಟೆ, ಬಿದ್ದ ಅಡಿಕೆ ಹಾಳೆ, ರಬ್ಬರಿನ ಚಿಪ್ಪು ಇವುಗಳಲ್ಲಿ ಒಂದು ಮುಕ್ಕುಳಿ ಮಳೆನೀರು ನಿಂತರೆ ಡೆಂಗ್ಯೂ ಸೊಳ್ಳೆಗೆ ಸಾಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ. ಆದುದರಿಂದ ವಾರಕ್ಕೊಂದು ದಿನ ತೋಟ ಸುತ್ತಿ ನಿಂತ ನೀರನ್ನು ಚೆಲ್ಲಿ, ಗೆರಟೆ ಚಿಪ್ಪುಗಳನ್ನು ಕವುಚಿ ಹಾಕಬೇಕು. ಕಸದ ರಾಶಿಗೆ ಬರುವ ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಕಾಲಿನ ಸಣ್ಣ ಗಾಯದ ಮೂಲಕ ರೋಗಾಣು ಒಳಹೊಕ್ಕು, ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಾಣಿಸುತ್ತವೆ. ಮಳೆಗಾಲದಲ್ಲಿ ಕೆಸರಿನಲ್ಲಿ ದುಡಿಯುವವರಿಗೆ ಹೀಗಾದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ, ತಾನು ಮಾಡುವ ಕೆಲಸವೇನೆಂದು ವೈದ್ಯರಿಗೆ ಹೇಳಲೇಬೇಕು. ಮುಂಜಾಗ್ರತೆಯ ಮಾತ್ರೆಯೂ ಆರೋಗ್ಯ ಕೇಂದ್ರದಲ್ಲಿ ದೊರೆಯುತ್ತದೆ.

ಇಗರ್ಜಿಯ ಅಂಗಳದಲ್ಲಿ

ಮನೆಯಲ್ಲಿ ತೊಟ್ಟೆ ತೊಳೆಯುವ ನಾವು, ವಾರ್ಷಿಕ ಹಬ್ಬದ ಮರುದಿನ ಇಗರ್ಜಿಯ ಮೈದಾನದಲ್ಲಿ ಕಾಗದದ ಲೋಟಗಳ ರಾಶಿ ಬಿಟ್ಟುಹೋದರೆ ಅರ್ಥವಿಲ್ಲ. ಆ ಲೋಟದ ಒಳಗೂ ಪ್ಲಾಸ್ಟಿಕಿನ ತೆಳು ಪದರವಿರುತ್ತದೆ, ಅದು ಕೊಳೆಯುವುದಿಲ್ಲ. ರೋಸ್, ಮದುವೆ, ಮೊದಲ ಪರಮಪ್ರಸಾದದ ಊಟಗಳಿಗೆ ಬಾಳೆಎಲೆ, ಹಾಳೆತಟ್ಟೆ, ಸ್ಟೀಲಿನ ಲೋಟ ಬಳಸಬಹುದು. ಧರ್ಮಕೇಂದ್ರದ ಹೆಸರಿನಲ್ಲಿ 300 ತಟ್ಟೆ, 300 ಲೋಟ ಖರೀದಿಸಿಟ್ಟು ಅಲ್ಪ ಬಾಡಿಗೆಗೆ ಕೊಟ್ಟರೆ ಎಲ್ಲ ವಾರ್ಡಿನವರಿಗೂ ಉಪಯೋಗ. ನವೆಂಬರ್ 2ರಂದು ಸಮಾಧಿಗಳಿಗೆ ಪ್ಲಾಸ್ಟಿಕ್ ಹೂವಿನ ಬದಲು ನಮ್ಮ ಅಂಗಳದ ಹೂವನ್ನೇ ಒಯ್ಯೋಣ. ಮೊಂತಿ ಹಬ್ಬಕ್ಕೆ ಮಕ್ಕಳು ತರುವ ಹೂವಿನ ಹಾಗೆ ಅದು ಬಾಡಿದರೂ ಮಣ್ಣಿಗೆ ಭಾರವಲ್ಲ.

2015ರಲ್ಲಿ ಪೋಪ್ ಫ್ರಾನ್ಸಿಸರು ಹೊರಡಿಸಿದ ಲೌದಾತೊ ಸೀ ಎಂಬ ವಿಶ್ವಪತ್ರವು, ಬಳಸಿ ಬಿಸಾಡುವ ರೂಢಿಯನ್ನು ಬಡವರಿಗೆ ಮಾಡುವ ಅನ್ಯಾಯದ ಜೊತೆಗಿಟ್ಟು ನೋಡುತ್ತದೆ. ಐದು ಸಾವಿರ ಜನರಿಗೆ ಉಣಬಡಿಸಿದ ಮೇಲೆ ಪ್ರಭು ಯೇಸು ಶಿಷ್ಯರಿಂದ ಉಳಿದ ತುಂಡುಗಳನ್ನು ಆರಿಸಿಸಿದರು ಎಂಬುದನ್ನು ಶುಭಸಂದೇಶದಲ್ಲಿ ಓದುತ್ತೇವೆ. ಬೇಕಾದಷ್ಟು ಇದ್ದಾಗಲೂ ಹಾಳುಮಾಡುವ ಹಕ್ಕು ಹುಟ್ಟುವುದಿಲ್ಲ.

ಈ ತಿಂಗಳು ಮಾಡಬಹುದಾದದ್ದು

ಪ್ರತಿ ವಾರ್ಡಿನ ಗುರ್ಕಾರರು ತಮ್ಮ ಮನೆಗಳಿಗೆ ಹೋಗುವಾಗ ಮೂರು ವಿಷಯ ಬರೆದುಕೊಳ್ಳಲಿ: ಗೊಬ್ಬರದ ತೊಟ್ಟಿ ಇಲ್ಲದ ಮನೆ ಯಾವುದು, ಸೇನೆಯವರು ತಲುಪದ ಮನೆ ಯಾವುದು, ಡಯಾಪರ್ ಅಥವಾ ಸೂಜಿಯ ಕಷ್ಟವಿರುವ ಮನೆ ಯಾವುದು. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಪಂಚಾಯತು ಸದಸ್ಯರ ಕೈಗೆ ಕೊಡೋಣ. ಸಂಗ್ರಹದ ದಿನ ಮೊದಲೇ ತಿಳಿಸುತ್ತಾರೆಯೇ, ವಾರ್ಡಿನ ತಂತಿಯ ಗೂಡಿನಲ್ಲಿ ಕಸ ಎಷ್ಟು ದಿನ ಕೂರುತ್ತದೆ, ಸೇನೆಯವರಿಗೆ ಕೈಚೀಲ, ಬೂಟು, ಚುಚ್ಚುಮದ್ದು ಸಿಗುತ್ತಿದೆಯೇ ಎಂದೂ ಕೇಳೋಣ. ಶುಲ್ಕ ಕೊಡುವವನಿಗೆ ಲೆಕ್ಕ ಕೇಳುವ ಹಕ್ಕಿದೆ.

ಇನ್ನು ಆ ಮೊದಲ ಪ್ರಶ್ನೆ. ತೋಟ ಇರುವವನಿಗೆ ಹಸಿ ಕಸಕ್ಕೆ ಯಾರ ಸೇವೆಯೂ ಬೇಡ ಎಂಬುದು ನಿಜ. ಅಷ್ಟರ ಮಟ್ಟಿಗೆ ರೈತ ಪೇಟೆಯವನಿಗಿಂತ ಭಾಗ್ಯವಂತ. ಆದರೆ ಐವತ್ತು ರೂಪಾಯಿ ಇರುವುದು ತೋಟ ಜೀರ್ಣಿಸಿಕೊಳ್ಳಲಾರದ ವಸ್ತುವಿಗೆ, ಮತ್ತು ಅದನ್ನು ಹೊತ್ತು ನಡೆಯುವವರ ಬೆವರಿಗೆ. ಮುಂದಿನ ಸಲ ಅವರು ಬಂದಾಗ ತೊಳೆದು ಒಣಗಿಸಿದ ಚೀಲ ಸಿದ್ಧವಿರಲಿ. ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ಮಜ್ಜಿಗೆಯೂ ಇರಲಿ.